ಹಳೆ ಕೌದಿಯನ್ನು ಗೋಡೆಗೆ ಹಾಕುವ ಮುನ್ನ

ಕೊಪ್ಪಳ, ರಾಯಚೂರು ಕಡೆಯ ಮನೆಗಳಲ್ಲಿ ಗಂಟು ಕಟ್ಟಿಟ್ಟ ಕೌದಿಯನ್ನು (ಹಳೆ ಸೀರೆ, ಬಟ್ಟೆ ತುಂಡುಗಳನ್ನು ಪದರವಾಗಿ ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆ) ಪ್ರದರ್ಶನಕ್ಕೆ ಇಡುವುದಾದರೆ ಮೊಳೆ ಹೊಡೆಯಬೇಡಿ. ಭಾರವೆಲ್ಲ ಮೊಳೆಯ ಜಾಗಕ್ಕೇ ಬಿದ್ದು ಹಳೆ ಸೀರೆ ಹರಿಯುತ್ತದೆ. ಮೇಲಂಚಿನ ಹಿಂದೆ 4 ಇಂಚಿನ ಕಾಟನ್ ಪಟ್ಟಿಯನ್ನು ಕೊಳವೆಯಂತೆ ಹೊಲಿದು, ನಯ ಮಾಡಿದ ಬಿದಿರು ತೂರಿಸಿ ತೂಗುಹಾಕಿ. ಸೂಜಿ ಒಳಪದರವನ್ನೂ ಹಿಡಿಯಬೇಕು, ಮುಂಭಾಗಕ್ಕೆ ಬರಬಾರದು. ಹಿಂಬದಿಯ ಸೀರೆಯೊಂದನ್ನೇ ಹಿಡಿದರೆ ಅದೇ ಸೀಳುತ್ತದೆ.

ಒಗೆಯುವ ಆತುರ ಬೇಡ. ಒದ್ದೆ ಬಿಳಿ ಬಟ್ಟೆಯನ್ನು ಕೆಂಪು ತುಂಡಿನ ಮೇಲೆ ಅರೆ ನಿಮಿಷ ಒತ್ತಿ ನೋಡಿ. ಬಣ್ಣ ಹತ್ತಿತೋ, ಮೃದು ಬ್ರಷ್‌ನಿಂದ ಧೂಳು ತೆಗೆದರೆ ಸಾಕು.

ಎಲ್ಲರೂ ಎಡವುವುದು ಕೌದಿಯ ಪಕ್ಕ ಅಂಟಿಸುವ ವಿವರದ ಚೀಟಿಯಲ್ಲಿ. ‘ಜನಪದ ಕಲೆ’ ಎಂದಷ್ಟೇ ಬರೆಯುವುದು ಸೋಮಾರಿತನ. ಹೊಲಿದವರ ಹೆಸರು, ಊರು, ಯಾರ ಸೀರೆ, ಯಾರ ಬಾಣಂತನಕ್ಕೆ ಹೊಲಿದದ್ದು, ಎಲ್ಲ ಕೇಳಿ, ಒಪ್ಪಿಗೆ ಪಡೆದು ಬರೆಯಿರಿ. ಶ್ರಮವನ್ನು ಅಂಕಿಯಲ್ಲೇ ತೋರಿಸಿ. 6×4 ಅಡಿ ಕೌದಿಯಲ್ಲಿ ಅರ್ಧ ಇಂಚಿಗೊಂದು ಸಾಲೆಂದರೆ 96 ಸಾಲು, 576 ಅಡಿ. ಇಂಚಿಗೆ 4ರಂತೆ 27,648 ಹೊಲಿಗೆ, ಅದೂ ಕೈಯಲ್ಲಿ! ಅಂಚಿನಿಂದ ಸುತ್ತುತ್ತ ನಡುವಿಗೆ ಬಂದ ಹೊಲಿಗೆಯಾದರೂ ಲೆಕ್ಕ ಹೆಚ್ಚುಕಮ್ಮಿ ಇಷ್ಟೇ.

ನೇರ ಬಿಸಿಲು ಬೀಳುವ ಗೋಡೆ ಬೇಡ. ಇಳಿಸಿದ ಮೇಲೆ ಮಡಚದೆ, ಬಿಳಿ ಬಟ್ಟೆಯೊಡನೆ ಸುರುಳಿ ಸುತ್ತಿಡಿ.