‘ನಾಟ್ ಕೋಆಪರೇಟಿವ್’ ಅಂತ ಬರೆದವಳು ನಾನೇ

ನಾನು ನರ್ಸ್. ನಮ್ಮ ವಾರ್ಡಿನಲ್ಲಿದ್ದರು, ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂ ಮಾರುತ್ತಿದ್ದ ಅಜ್ಜ. ಸಕ್ಕರೆ ಕಾಯಿಲೆಯಿಂದ ಕಾಲಿನ ಎರಡು ಬೆರಳು ತೆಗೆದಿದ್ದರು. ಡ್ರೆಸ್ಸಿಂಗಿಗೆ ಹೋದರೆ ಕಾಲು ಎಳೆದುಕೊಳ್ಳುವರು, ಊಟ ಮುಟ್ಟರು. ಮೂರನೇ ದಿನ ನರ್ಸಿಂಗ್ ನೋಟ್ಸಿನಲ್ಲಿ ‘ನಾಟ್ ಕೋಆಪರೇಟಿವ್’ ಎಂದು ಬರೆದು ಸಹಿ ಹಾಕಿದೆ.

ಆ ವಾರ ನನಗೆ ನೈಟ್ ಡ್ಯೂಟಿ. ಅಜ್ಜನನ್ನು ಎಷ್ಟು ಸಲ ಎಬ್ಬಿಸುತ್ತಿದ್ದೇವೆಂದು ಒಂದು ರಾತ್ರಿ ಎಣಿಸಿದೆ. ಹತ್ತಕ್ಕೆ ಮಾತ್ರೆ, ಹನ್ನೆರಡಕ್ಕೆ ಬಿಪಿ, ಎರಡಕ್ಕೆ ಆಂಟಿಬಯೋಟಿಕ್, ಮೂರಕ್ಕೆ ಶುಗರ್, ನಾಲ್ಕಕ್ಕೆ ಮತ್ತೆ ಬಿಪಿ, ಐದಕ್ಕೆ ರಕ್ತ. ಎರಡು ಗಂಟೆ ನೆಟ್ಟಗೆ ನಿದ್ದೆಯಿಲ್ಲದ ಮನುಷ್ಯ ಬೆಳಿಗ್ಗೆ ಇಡ್ಲಿ ತಿನ್ನುವುದು ಹೇಗೆ?

ಬಿಎಸ್ಸಿ ನರ್ಸಿಂಗಿನಲ್ಲಿ ನಾನು ಓದಿದ್ದ ಮೈರಾ ಲೆವೀನ್ ಆಗ ನೆನಪಾದರು. 1967ರಲ್ಲಿ ಈ ಅಮೆರಿಕದ ನರ್ಸ್ ಮುಂದಿಟ್ಟ ನಾಲ್ಕು ಸಂರಕ್ಷಣಾ ತತ್ವಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ರೋಗಿಯ ಶಕ್ತಿ, ದೇಹ, ತನ್ನತನ, ತನ್ನವರ ನಂಟು, ಈ ನಾಲ್ಕನ್ನೂ ಒಟ್ಟಿಗೆ ಕಾಯಬೇಕು ಎನ್ನುತ್ತಾರೆ ಆಕೆ. ನಾವು ಗಾಯವನ್ನಷ್ಟೇ ಕಾಯುತ್ತಿದ್ದೆವು.

ಡಾಕ್ಟರ ಹತ್ತಿರ ಮಾತಾಡಿದೆ. ಎಂಟು ಗಂಟೆಗೊಮ್ಮೆ ಕೊಡುವ ಆಂಟಿಬಯೋಟಿಕ್ಕನ್ನು ರಾತ್ರಿ ಹತ್ತು, ಬೆಳಿಗ್ಗೆ ಆರು, ಮಧ್ಯಾಹ್ನ ಎರಡಕ್ಕೆ ಬದಲಿಸಿದರು. ರಕ್ತ ತೆಗೆಯುವುದೂ ಆರಕ್ಕೇ ಹೋಯಿತು. ಬಿಪಿ ಸ್ಥಿರವಾಗಿದ್ದರಿಂದ ಹನ್ನೆರಡರದ್ದನ್ನು ಬಿಟ್ಟರು. ಇನ್ಸುಲಿನ್ ಇದ್ದವರಿಗೆ ನಿದ್ದೆಯಲ್ಲೇ ಶುಗರ್ ಇಳಿಯಬಹುದು, ಹಾಗಾಗಿ ಮೂರರ ಶುಗರ್ ಮಾತ್ರ ಬಿಡುವಂತಿರಲಿಲ್ಲ. ಅದರ ಜೊತೆಗೇ ಬಿಪಿ ನೋಡಿದೆವು. ನಡುರಾತ್ರಿ ಎಬ್ಬಿಸುವುದು ಒಂದೇ ಸಲಕ್ಕೆ ಬಂತು. ಮೂವತ್ತು ಬೆಡ್ಡಿನ ವಾರ್ಡಿನಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಕೇಳುವವರಿದ್ದಾರೆ. ನನಗೆ ಓಡಾಟ ಕಡಿಮೆಯೇ ಆಯಿತು.

ಕಾಲು ಎಳೆದುಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ಡ್ರೆಸ್ಸಿಂಗ್ ಟ್ರೇ ಪಕ್ಕಕ್ಕಿಟ್ಟು, ಕೂತು ಕೇಳಿದೆ. "ವಾಸ್ನೆ ಬರ್ತದಮ್ಮ, ಎಲ್ರೂ ನೋಡ್ತಾರೆ" ಅಂದರು. ಬದುಕೆಲ್ಲ ಮಲ್ಲಿಗೆ, ಕಾಕಡದ ನಡುವೆ ಕೂತವರು. ಅವರಿಗಿದ್ದದ್ದು ಹಟವಲ್ಲ, ನಾಚಿಕೆ. ನನಗೆ ಕಣ್ಣು ತುಂಬಿತು. ಅವತ್ತಿನಿಂದ ಪರದೆ ಎಳೆದೇ ಪಂಚೆ ಸರಿಸುತ್ತಿದ್ದೆ, ಅದೂ ಕೇಳಿ. ಬರೆದುಕೊಟ್ಟಿದ್ದ ನೋವಿನ ಮಾತ್ರೆಯನ್ನು ಅರ್ಧ ಗಂಟೆ ಮುಂಚೆ ಕೊಡುತ್ತಿದ್ದೆ. ಕಾಲು ತಾವೇ ಚಾಚಿದರು.

ಮಾರ್ಕೆಟ್ಟಿನ ಗೆಳೆಯರಿಗೆ ಸಂಜೆಯ ವಿಸಿಟಿಂಗ್ ಅವರ್ಸಿಗೆ ಬರಲಾಗುತ್ತಿರಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಬೆಳಿಗ್ಗೆ ವ್ಯಾಪಾರ ಮುಗಿದ ಮೇಲೆ ಹತ್ತು ನಿಮಿಷ ಬಿಟ್ಟರು. ಅಜ್ಜ ಮೊದಲು ಕೇಳಿದ್ದು, ಮಾರು ಹೂವಿಗೆ ಇವತ್ತು ಎಷ್ಟು ಅಂತ. ಮಧ್ಯಾಹ್ನ ಪೂರ್ತಿ ಊಟ ಮಾಡಿದರು.

ನೋಟ್ಸಿನಲ್ಲಿ ಬರೆದದ್ದನ್ನು ಅಳಿಸುವ ಹಾಗಿಲ್ಲ. ಅದರ ಕೆಳಗೆ ಹೊಸ ದಿನಾಂಕ ಹಾಕಿ ಬರೆದೆ: ಡ್ರೆಸ್ಸಿಂಗಿಗೆ ಮೊದಲು ಪರದೆ ಎಳೆಯಿರಿ, ಹೆಸರು ಹಿಡಿದು ಮಾತಾಡಿಸಿ.