ಕಾಳು ತಿಂದರೆ ಗ್ಯಾಸ್ಟ್ರಿಕ್ಕಾ? ನೆನೆಸಿದ ನೀರು ಚೆಲ್ಲಿದಿರಾ?

‘ಗ್ಯಾಸ್ಟ್ರಿಕ್’ ಅನ್ನುವ ಒಂದೇ ಪದದೊಳಗೆ ನಾವು ಎರಡು ಬೇರೆ ಬೇರೆ ತಕರಾರುಗಳನ್ನು ತುರುಕಿಬಿಟ್ಟಿದ್ದೇವೆ. ಎದೆ ಉರಿದು ಹುಳಿತೇಗು ಬಂತೆಂದರೆ ಜಠರದ ಆಮ್ಲ ಅನ್ನನಾಳಕ್ಕೆ ಏರಿದೆ. ಹೊಟ್ಟೆ ಉಬ್ಬರಿಸಿ ಗುಡುಗುಡು ಅಂದರೆ ಅದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಕೆಲಸ. ಎರಡಕ್ಕೂ ಹುರುಳಿ, ಕಡಲೆ, ಅಲಸಂದೆಯನ್ನೇ ದೂರಿ ಕಾಳು ಬಿಟ್ಟವರು ಬಹಳ ಮಂದಿ. ಬಿಡುವ ಮುನ್ನ ಹೀಗೆ ಮಾಡಿ ನೋಡಿ.

ಕಾಳಿನಲ್ಲಿ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಇಡಿಯಾಗಿಯೇ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಬಿಡುತ್ತವೆ. ಜೊತೆಗೇ ಬ್ಯುಟಿರೇಟ್‌ನಂಥ ಆಮ್ಲಗಳನ್ನೂ ತಯಾರಿಸುತ್ತವೆ. ಈ ಹುಳಿ ಬೇಕಾದ ಹುಳಿ: ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಆಹಾರ. ಹಾಗಾಗಿ ಆ ಸಕ್ಕರೆಯನ್ನು ಪೂರ್ತಿ ತೆಗೆಯುವ ಹಟ ಬೇಡ, ಒಂದಷ್ಟು ಇಳಿಸಿದರೆ ಸಾಕು.

ನೆನೆಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ‘ಕಾಳು ಮುಳುಗುವಷ್ಟು ನೀರು’ ಸಾಲದು. ಕಾಳು ಉಬ್ಬಿ ನೀರಿನ ಮೇಲೆ ಬಂದು, ಮೇಲಿನ ಪದರ ಬೆಳಗಿನವರೆಗೂ ಅರೆಬರೆ ಒಣಗಿ ಕೂರುತ್ತದೆ. ಒಂದು ಲೋಟ ಕಾಳಿಗೆ ನಾಲ್ಕು ಲೋಟ ನೀರು ಬೇಕು. ಹೆಸರುಕಾಳಿಗೆ 6 ಗಂಟೆ, ಅಲಸಂದೆಗೆ 8, ಹುರುಳಿ, ಕಡಲೆ, ರಾಜ್ಮಾಕ್ಕೆ 10–12. ನಡುವೆ ಒಮ್ಮೆ ನೀರು ಬದಲಿಸಿ. ನೊರೆ ಎದ್ದು ಹುಳಿ ವಾಸನೆ ಬಂತೆಂದರೆ ಹೊತ್ತು ಮೀರಿದೆ. ಬಯಲುಸೀಮೆಯ ಏಪ್ರಿಲ್ ಸೆಕೆಯಲ್ಲಿ ಪಾತ್ರೆಯನ್ನು ಫ್ರಿಜ್ಜಿನಲ್ಲಿಡುವುದೇ ವಾಸಿ.

ಬೋರ್‌ವೆಲ್ ನೀರು ಬಳಸಬೇಡಿ. ಗಡಸು ನೀರಿನ ಕ್ಯಾಲ್ಸಿಯಂ ಸಿಪ್ಪೆಯಲ್ಲಿರುವ ಪೆಕ್ಟಿನ್ ಎಂಬ ಅಂಟನ್ನು ಬಿಗಿದು, ಎಷ್ಟು ಕೂಗಿಸಿದರೂ ಕಾಳು ಕಟಕಟ ಅನ್ನುತ್ತದೆ. ಫಿಲ್ಟರ್ ನೀರಿಗೆ ಲೀಟರಿಗೆ ಎರಡು ಟೀ ಚಮಚ ಉಪ್ಪು ಹಾಕಿ ನೆನೆಸಿದರೆ ಸಿಪ್ಪೆ ಮೆತ್ತಗಾಗುತ್ತದೆ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ಸುಳ್ಳು. ತಡೆಯುವುದು ಹುಣಸೆಹುಳಿ ಮತ್ತು ಟೊಮೆಟೊ. ಅವನ್ನು ಬೆಂದ ಮೇಲೆಯೇ ಹಾಕಿ. (ಮೊಳಕೆಗೆಂದು ನೆನೆಸುವಾಗ ಮಾತ್ರ ಉಪ್ಪು ಬೇಡ.) ಅಡುಗೆ ಸೋಡಾದ ಅಡ್ಡದಾರಿ ಬಿಟ್ಟುಬಿಡಿ: ಕಾಳು ಬೇಗ ಬೇಯುತ್ತದೆ, ಜೊತೆಗೆ ಬಿ1 ಜೀವಸತ್ವವೂ ಹಾಳಾಗುತ್ತದೆ, ರುಚಿ ಸೋಪಿನಂತಾಗುತ್ತದೆ.

ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಕಾಳನ್ನು ಎರಡು ಸಲ ತೊಳೆಯಿರಿ. ‘ಸತ್ವ ಹೋಗುತ್ತೆ’ ಅಂತ ಅದೇ ನೀರಿನಲ್ಲಿ ಬೇಯಿಸುವುದೂ ಉಬ್ಬರಕ್ಕೆ ಒಂದು ಕಾರಣ. ಉಪ್ಪುನೀರಾದ್ದರಿಂದ ಗಿಡಕ್ಕೂ ಬೇಡ, ಸಿಂಕಿಗೆ ಸುರಿಯಿರಿ.

ಹುರುಳಿಯನ್ನು ಬಟ್ಟೆಯಲ್ಲಿ ಕಟ್ಟಿ ಅರ್ಧ ಸೆಂಟಿಮೀಟರ್ ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಮೊಳೆಯುವಾಗ ಆ ಸಕ್ಕರೆಯನ್ನು ಕಾಳೇ ಬಳಸಿಕೊಳ್ಳುತ್ತದೆ. ಮೊಳಕೆಯನ್ನು ಹಸಿಯಾಗಿ ತಿನ್ನಬೇಡಿ. ಅಂಗಡಿಯ ಪ್ಯಾಕೆಟ್ ಮೊಳಕೆ ಮುಟ್ಟಿದರೆ ಲೋಳೆ ಲೋಳೆ ಅನ್ನಿಸಿದರೆ ನೇರ ಕಸದಬುಟ್ಟಿಗೆ.

ಬೇಯಿಸುವುದು. ಎರಡು ಬೆರಳ ನಡುವೆ ಒತ್ತಿದರೆ ಗಟ್ಟಿ ತಿರುಳಿಲ್ಲದೆ ನುಣ್ಣಗಾಗಬೇಕು. ರಾಜ್ಮಾವಂತೂ ಕನಿಷ್ಠ 10 ನಿಮಿಷ ಕುದಿಯಲೇಬೇಕು. ಅರೆಬೆಂದರೆ ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ವಾಂತಿ ಭೇದಿ ತರುತ್ತದೆ.

ಬಸ್ಸಾರು ಮಾಡುವವರು ಗಮನಿಸಿ: ಬೇಯುವಾಗಲೂ ಸಕ್ಕರೆ ನೀರಿಗಿಳಿಯುತ್ತದೆ, ಅಂದರೆ ಬಸಿದ ಕಟ್ಟಿನ ನೀರಿಗೆ. ಆರಂಭದ ವಾರಗಳಲ್ಲಿ ಪಲ್ಯ ಹೆಚ್ಚು, ಸಾರು ಕಡಿಮೆ ಇರಲಿ. ಇಂಗಿನ ಒಗ್ಗರಣೆ ಘಮಕ್ಕೆ ಇರಲಿ, ನೆನೆಸದ ತಪ್ಪನ್ನು ಅದು ಮುಚ್ಚಲಾರದು. ಡಬ್ಬಿ ಇಂಗಿನಲ್ಲಿ ಹಿಟ್ಟು, ಗೋಂದೇ ಜಾಸ್ತಿ.

ತಿನ್ನುವುದು. ಡಯಟ್ ಅಂತ ಹುರುಪಿನಲ್ಲಿ ಮೊದಲ ದಿನವೇ ಒಂದು ಬಟ್ಟಲು ಬಾರಿಸಬೇಡಿ. ಮೊದಲ ವಾರ ದಿನಕ್ಕೆ ಎರಡು ದೊಡ್ಡ ಚಮಚ ಬೆಂದ ಕಾಳು, ಎರಡನೇ ವಾರ ಕಾಲು ಲೋಟ, ನಾಲ್ಕನೇ ವಾರಕ್ಕೆ ಅರ್ಧ ಲೋಟ. ಬ್ಯಾಕ್ಟೀರಿಯಾಗಳಿಗೆ ಒಗ್ಗಿಕೊಳ್ಳಲು ಅಷ್ಟು ಕಾಲ ಬೇಕು. ಬಹುತೇಕರಿಗೆ ಉಬ್ಬರ ಅಷ್ಟರಲ್ಲಿ ಇಳಿಯುತ್ತದೆ. ಇಳಿಯದೆ ನೋವೂ ಭೇದಿಯೂ ಬಂದರೆ ಹಟ ಬೇಡ, ಐಬಿಎಸ್ (ಕರುಳು ಸುಲಭವಾಗಿ ಕೆರಳುವ ತೊಂದರೆ) ಇರಬಹುದು, ವೈದ್ಯರಿಗೆ ತೋರಿಸಿ. ಕಾಳು ಮಧ್ಯಾಹ್ನದ ಊಟಕ್ಕೇ ಇರಲಿ.

ಎದೆ ಉರಿಗೆ ಮದ್ದು ಬೇರೆ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ, ಎಡಮಗ್ಗುಲಿಗೆ ಮಲಗಿ, ಮಂಚದ ತಲೆಕಡೆ ಕಾಲುಗಳ ಕೆಳಗೆ 15 ಸೆಂಟಿಮೀಟರ್ ಎತ್ತರಕ್ಕೆ ಇಟ್ಟಿಗೆ ಕೊಡಿ. ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಆಮ್ಲ ಇನ್ನೂ ಮೇಲೇರುತ್ತದೆ. ವೈದ್ಯರು ಆಮ್ಲ ಇಳಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ಬರೆದಿದ್ದರೆ ತಿಂಡಿಗೆ ಅರ್ಧ ಗಂಟೆ ಮುಂಚೆ ನುಂಗಿ, ತಿಂದಾದ ಮೇಲೆ ಅಲ್ಲ. ವರ್ಷಗಟ್ಟಲೆ ತಾವೇ ಕೊಂಡು ನುಂಗುವುದು ಸಲ್ಲ: ಬಿ12 ಇಳಿಯುತ್ತದೆ, ಜಠರದ ಆಮ್ಲ ಕೊಲ್ಲಬೇಕಿದ್ದ ಸೂಕ್ಷ್ಮಾಣುಗಳು ಉಳಿದುಕೊಂಡು ಕರುಳು ಸೇರುತ್ತವೆ. ಬುಸ್ಸೆನ್ನುವ ಸ್ಯಾಚೆ ಪುಡಿಯಲ್ಲಿ ಸೋಡಿಯಂ ತುಂಬಾ ಇದೆ, ಬಿಪಿ ಇರುವವರಿಗೆ ಅದು ದಿನಬಳಕೆಗಲ್ಲ. ಮಲ ಕಪ್ಪಗಾದರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ಪರೀಕ್ಷೆ ಮಾಡಿಸಿ. ಎದೆ ಹಿಂಡಿದಂತಾಗಿ ಬೆವರು ಕಿತ್ತುಕೊಂಡು ಬಂದರೆ ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಸ್ಯಾಚೆ ಹುಡುಕುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.