ಮಣಿಕಟ್ಟಿನ ಹುಚ್ಚು ಬಿಟ್ಟ ಮೇಲೆ ಬಾಲ್ ಓಡಿತು

ಹೋದ ವರ್ಷ ನನ್ನ ಸಾಫ್ಟ್‌ಬಾಲ್ ಪಿಚಿಂಗ್ (ಕೈ ಸುತ್ತ ತಿರುಗಿಸಿ ಕೆಳಗಿನಿಂದ ಬ್ಯಾಟರ್‌ಗೆ ಬಾಲ್ ಎಸೆಯುವುದು) ನೋಡಿ ನಕ್ಕವರೇ ಈಗ ವಿಡಿಯೊ ಕಳಿಸು ಅಂತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯ್ತು, ಅದಕ್ಕೇ ಬರೆಯುತ್ತಿದ್ದೇನೆ.

ವಾರವಿಡೀ ಪುಣೆಯ ಹಿಂಜವಡಿಯಲ್ಲಿ ಕೆಲಸ, ಭಾನುವಾರ ಪಿಂಪಳೆ ಸೌದಾಗರದ ಮೈದಾನದಲ್ಲಿ ಪಿಚರ್. ವಯಸ್ಸು 34. ಧಾರವಾಡದಲ್ಲಿ ಕಾಲೇಜು ತಂಡಕ್ಕೆ ಆಡಿದ್ದೇ ಕೊನೆ, ಆಮೇಲೆ ಹತ್ತು ವರ್ಷ ಬಾಲ್ ಮುಟ್ಟಿರಲಿಲ್ಲ. ಇಲ್ಲಿ ಕಲಿಸುವವರದು ಒಂದೇ ಮಂತ್ರ: 'ಮನಗಟ್ ಝಟಕ!' ಮರಾಠಿಯಲ್ಲಿ ಮಣಿಕಟ್ಟು ಜಾಡಿಸು ಅಂತ. ಬಾಲ್ ಬಿಟ್ಟ ಮೇಲೆ ಮೊಣಕೈ ಗಲ್ಲದ ಮುಂದೆ ಬರಬೇಕಂತೆ. ನಾನೂ ದಿನಾ ನೂರು ಸಲ ಜಾಡಿಸಿದೆ. ಮಣಿಕಟ್ಟಿಗೆ ಕಟ್ಟುವ ತೂಕ ಬೇರೆ ತರಿಸಿದೆ, ಸಾವಿರದ ಎಂಟುನೂರೋ ಏನೋ. ನಾಲ್ಕು ತಿಂಗಳಾದರೂ ವೇಗ ಬರಲಿಲ್ಲ, ಹೆಬ್ಬೆರಳ ಬುಡದಲ್ಲಿ ನೋವು ಬಂತು. ಚಪಾತಿ ಹಿಟ್ಟು ನಾದಲೂ ಆಗುತ್ತಿರಲಿಲ್ಲ. ಫಿಸಿಯೊಗೆ ಆರು ಸಲ ಹೋದೆ, ಮೂರೂವರೆ ಸಾವಿರ ಕೈಬಿಟ್ಟಿತು.

ನೋವಿನಲ್ಲಿ ಸುಮ್ನೆ ಕೂತಾಗ ಯೋಚನೆ ಬಂತು. ಜಪಾನಿನ ಪಿಚರ್ ಯುಕಿಕೊ ಉಯೆನೊ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಎರಡು ದಿನಕ್ಕೆ 413 ಪಿಚ್, ಅಂದರೆ ಎಸೆತ, ಹಾಕಿದರು. ಮಣಿಕಟ್ಟೇ ಎಲ್ಲಾ ಮಾಡೋದಾದರೆ ಅದು ಉಳಿಯುತ್ತಿತ್ತಾ? ದೊಡ್ಡ ಪಿಚರ್‌ಗಳ ವಿಡಿಯೊ ನಿಧಾನ ಮಾಡಿ ನೋಡಿದೆ. ಯಾರೂ ಜಾಡಿಸುತ್ತಿಲ್ಲ! ಕೈ ಹಿಂದಿನಿಂದ ಇಳಿಯುವಾಗ ಅಂಗೈ ಆಕಾಶದ ಕಡೆ ಇರುತ್ತದೆ, ಮೊಣಕೈ ಸ್ವಲ್ಪ ಬಾಗಿರುತ್ತದೆ. ಸೊಂಟದ ಹತ್ತಿರ ತೋಳು ತಡೆದು ನಿಲ್ಲುತ್ತದೆ, ಮುಂಗೈ ಸೊಂಟ ಸವರಿಕೊಂಡು ಚಾಟಿಯ ಹಾಗೆ ಮುಂದೆ ಚಿಮ್ಮುತ್ತದೆ, ಭುಜದಿಂದಲೇ ಒಳಕ್ಕೆ ತಿರುಗುತ್ತದೆ. ಮಣಿಕಟ್ಟು ಸಡಿಲವಾಗಿ ಅದನ್ನು ಹಿಂಬಾಲಿಸುತ್ತದೆ, ಅಷ್ಟೆ.

ಇದನ್ನು ಕಲಿಸುವವರಿಗೆ ಹೇಳಿದರೆ 'ಕೈ ಮೈಗೆ ತಾಗಿದರೆ ಅಂಪೈರ್ ಇಲ್ಲೀಗಲ್ (ನಿಯಮ ಮೀರಿದ ಎಸೆತ) ಕೊಡ್ತಾರೆ' ಅಂದರು. ಯಾಕೆ ಕೊಡ್ತಾರೆ? ಮಣಿಕಟ್ಟು ಮೊಣಕೈಗಿಂತ ಮೈಯಿಂದ ದೂರ ಹೋಗಬಾರದು ಅಂತ ನಿಯಮವೇ ಹೇಳುತ್ತದೆ. ಮೈಗೆ ಹತ್ತಿದರೆ ಇನ್ನೂ ಒಳ್ಳೇದೇ ಅಲ್ವಾ?

ಮಾಡೋದು ಮಾತ್ರ ಸುಲಭ ಇರಲಿಲ್ಲ. ಮುಂಗೈ ಎಲ್ಲಿ ತಾಗುತ್ತಿದೆ ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಹತ್ತು ರೂಪಾಯಿಯ ರಂಗೋಲಿ ಪುಡಿ ತಂದು ಮುಂಗೈ ಒಳಭಾಗಕ್ಕೆ ಹಚ್ಚಿಕೊಂಡೆ, ಕಪ್ಪು ಟ್ರ್ಯಾಕ್ ಪ್ಯಾಂಟ್ ಹಾಕಿ ಎಸೆದೆ. ಮೊದಲ ವಾರ ಬಿಳಿ ಗೆರೆ ತೊಡೆಯ ಮುಂದೆ ಬಿತ್ತು, ಅಂದರೆ ಬಾಲ್ ತಡವಾಗಿ ಬಿಡುತ್ತಿದ್ದೆ. ಎರಡನೇ ವಾರ ಗೆರೆಯೇ ಇಲ್ಲ. ಮೂರನೇ ವಾರ ಸರಿಯಾದ ಜಾಗಕ್ಕೆ, ಸೊಂಟದ ಪಕ್ಕಕ್ಕೆ ಬಂತು, ಜೊತೆಗೆ ಅಲ್ಲೇ ಅಂಗೈಯಷ್ಟಗಲ ನೀಲಿಗಟ್ಟಿತು. ಸವರುವ ಬದಲು ಗುದ್ದುತ್ತಿದ್ದೆ. ಸೊಂಟ ಬೇಗ ಬ್ಯಾಟರ್ ಕಡೆ ತಿರುಗಿ ಮುಚ್ಚಿಕೊಂಡರೆ ಕೈಗೆ ದಾರಿ ಎಲ್ಲಿ? ಬಾಲ್ ಹೋಗುವವರೆಗೂ ಸೊಂಟ ಅರ್ಧ ತೆರೆದೇ ಇಡಲು ಇನ್ನೂ ಒಂದು ತಿಂಗಳು ಹೋಯ್ತು.

ವೇಗ ಅಳೆಯುವ ರೇಡಾರ್ ಗನ್ ಕೊಳ್ಳುವ ದುಡ್ಡು ನನ್ನ ಹತ್ತಿರ ಇಲ್ಲ. ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟು ವಿಡಿಯೊ ತೆಗೆದು ಎಣಿಸಿದೆ. ಪಿಚರ್ ನಿಲ್ಲುವಲ್ಲಿಂದ ಬ್ಯಾಟರ್ ಪಕ್ಕದ ಪ್ಲೇಟಿಗೆ ನಮ್ಮದು 43 ಅಡಿ, ಎಸೆಯುವಾಗ ಮುಂದಿಡುವ ಹೆಜ್ಜೆ ಕಳೆದರೆ ಬಾಲ್ ಹಾರುವುದು ಸುಮಾರು 37 ಅಡಿ. ಮೊದಲು ಪ್ಲೇಟ್ ಮುಟ್ಟಲು 140 ಫ್ರೇಮ್ ಆಸುಪಾಸು ಬೇಕಿತ್ತು, ಈಗ 122. ಗಂಟೆಗೆ 70 ಕಿ.ಮೀ. ಇದ್ದದ್ದು 80 ಆಯ್ತು. ಪ್ಲೇಟಿನ ಹಿಂದೆ ಕೂತು ಬಾಲ್ ಹಿಡಿಯುವ ನಮ್ಮ ಕ್ಯಾಚರ್ ಕಲಬುರಗಿಯ ಹುಡುಗಿ. ಒಂದು ದಿನ ಗ್ಲೌಸ್ ಬಿಚ್ಚಿ ಕೈ ಕೊಡವಿದಳು: 'ಅಕ್ಕಾ, ಇವತ್ತ ಏನ್ ತಿಂದ್ ಬಂದೀರಿ? ಅಂಗೈ ಉರಿಯಾಕತ್ತೈತಿ.' ನನಗೆ ಅದೇ ರೇಡಾರ್.

ಒಂದು ಸಲ ತಮಾಷೆಗೆ ಮಣಿಕಟ್ಟು ಅಲ್ಲಾಡದ ಹಾಗೆ ಕ್ರೇಪ್ ಬ್ಯಾಂಡೇಜ್ ಬಿಗಿದು ಎಸೆದೆ. ವೇಗ ಕಡಿಮೆಯಾಗಿದ್ದು ಆರೇಳು ಫ್ರೇಮ್ ಮಾತ್ರ! ಆದರೆ ಬಾಲ್ ಸರಿಯಾಗಿ ಸುತ್ತಲಿಲ್ಲ, ಡ್ರಾಪ್ (ಪ್ಲೇಟಿನ ಹತ್ತಿರ ಕೆಳಗಿಳಿಯುವ ಎಸೆತ) ಬೀಳಲೇ ಇಲ್ಲ. ಹಾಗಾಗಿ ಮಣಿಕಟ್ಟು ದಂಡ ಅಂತ ನಾನು ಹೇಳುತ್ತಿಲ್ಲ. ತಿರುಗಿಸುವ ಕೆಲಸ ಅದಕ್ಕೂ ಬೆರಳಿಗೂ ಬಿಟ್ಟಿದ್ದು. ಮೇಲೇರುವ ಹಾಗೆ ಕಾಣುವ ರೈಸ್ ಬಾಲಿಗೂ ಮೂರು ತಿಂಗಳು ಸುರಿದೆ. ನಮ್ಮ ವೇಗಕ್ಕೆ ಅದು ಏರುವುದಿಲ್ಲ, ಸ್ವಲ್ಪ ಕಡಿಮೆ ಬೀಳುತ್ತದೆ ಅಷ್ಟೆ. ಬಿಟ್ಟುಬಿಟ್ಟೆ.

ಚೇಂಜ್‌ಅಪ್‌ಗೆ (ವೇಗದ ಎಸೆತದ ಹಾಗೆ ಕಂಡು ನಿಧಾನ ಬರುವ ಎಸೆತ) ಹೆಬ್ಬೆರಳು ಎಲ್ಲಿಡುತ್ತೇನೆ ಅಂತ ಬಹಳ ಜನ ಕೇಳಿದ್ದಾರೆ. ಅದನ್ನು ಇಲ್ಲಿ ಬರೆಯಲ್ಲ. ಎದುರಿನ ತಂಡದಲ್ಲೂ ಇಬ್ಬರು ಬೆಳಗಾವಿಯವರಿದ್ದಾರೆ, ಕನ್ನಡ ಚೆನ್ನಾಗಿ ಓದುತ್ತಾರೆ.